ಸಿ. ವಿ. ರಾಮನ್ ಮತ್ತು ಕಡಲಿನ ಚಿಪ್ಪು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಮೈಸೂರು ರಸ್ತೆಯ ಬದಿಯಲ್ಲಿ, ದೀಪಾಂಜಲಿ ನಗರವೆಂಬ ಬಡಾವಣೆಯಿದೆ. ಅಲ್ಲಿಂದ ಪಡುವಣ ಕಡಲು ನೂರಾರು ಕಿಲೋಮೀಟರು ದೂರ. ಅಲ್ಲಿಯ ಮಕ್ಕಳು ಕಡಲನ್ನು ಕಾಣಬೇಕಾದರೆ ಘಟ್ಟವನ್ನಿಳಿದು ಹೋಗಬೇಕು. ಹಾಗೆ ಹೋದವರು ಬರಿಗೈಯಲ್ಲಿ ಹಿಂದಿರುಗುವುದುಂಟೆ? ಮರಳಿನಲ್ಲಿ ಆಯ್ದ ನಾಲ್ಕಾರು ಕಪ್ಪೆಚಿಪ್ಪುಗಳನ್ನು ಕಿಸೆಯಲ್ಲಿ ತುಂಬಿಕೊಂಡು ಬರುತ್ತಾರೆ. ಕೆಲವು ದಿನ ಅವು ಕಿಟಕಿಯ ಬಳಿ ಇದ್ದು, ಅನಂತರ ಮರೆತುಹೋಗುತ್ತವೆ. ಆದರೆ ಅಂತಹ ಚಿಪ್ಪೊಂದನ್ನು ಬಿಸಿಲಿಗೆ ಹಿಡಿದು ಹೊರಳಿಸಿ ನೋಡಿದರೆ, ಅದರ ಹೊರಮೈಯಲ್ಲಿ ಒಂದರ ಆಚೆಗೊಂದು ಬಾಗಿದ ಗೆರೆಗಳು ಕಾಣುತ್ತವೆ. ಕೆಲವು ಚಿಪ್ಪುಗಳ ಒಳಮೈಯಲ್ಲಿ ಕಾಮನಬಿಲ್ಲಿನ ಬಣ್ಣಗಳು ಮಿನುಗುತ್ತವೆ. ಆ ಬಣ್ಣಗಳು ಎಲ್ಲಿಂದ ಬಂದವು? ಆ ಗೆರೆಗಳು ಏನನ್ನು ಹೇಳುತ್ತವೆ? ಮೊದಲನೆಯ ಪ್ರಶ್ನೆಯನ್ನು ಕಡಲಿಲ್ಲದ ಈ ಬೆಂಗಳೂರಿನಲ್ಲಿಯೇ ಕುಳಿತು ವರ್ಷಗಟ್ಟಲೆ ವಿಚಾರಿಸಿದ ಮಹನೀಯರು ಸರ್ ಚಂದ್ರಶೇಖರ ವೆಂಕಟರಾಮನ್ನರು. ಎರಡನೆಯ ಪ್ರಶ್ನೆಗೆ ಇಂದಿನ ವಿಜ್ಞಾನಿಗಳು ಉತ್ತರ ಹುಡುಕುತ್ತಿರುವಾಗಲೂ ಅವರ ಕೈಯಲ್ಲಿರುವ ಉಪಕರಣಗಳಲ್ಲಿ ಒಂದು ರಾಮನ್ನರ ಶೋಧನೆಯಿಂದಲೇ ಬಂದದ್ದು.

ರಾಮನ್ನರು ೧೮೮೮ನೆಯ ಇಸವಿ ನವೆಂಬರ್ ೭ರಂದು ತಮಿಳುನಾಡಿನ ತಿರುಚಿರಾಪಳ್ಳಿಯ ಸಮೀಪದಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್. ತಾಯಿ ಪಾರ್ವತಿ ಅಮ್ಮಾಳ್. ಬಾಲಕನಿಗೆ ನಾಲ್ಕು ವರ್ಷ ವಯಸ್ಸಾಗಿದ್ದಾಗ ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಉಪನ್ಯಾಸಕ ವೃತ್ತಿ ದೊರೆಯಿತು. ಕುಟುಂಬವು ಆ ಕಡಲತೀರದ ಊರಿಗೆ ಹೋಗಿ ನೆಲಸಿತು. ಹೀಗೆ ರಾಮನ್ನರ ಬಾಲ್ಯವೆಲ್ಲ ಅಲೆಗಳ ಸದ್ದಿನ ನಡುವೆಯೂ ತಂದೆಯ ಪುಸ್ತಕಗಳ ನಡುವೆಯೂ ಕಳೆಯಿತು. ದೇಹ ದುರ್ಬಲವಾಗಿದ್ದರೂ ಬುದ್ಧಿ ಬಹು ಚುರುಕು. ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ೧೯೦೪ರಲ್ಲಿ ಬಿ.ಎ. ಪದವಿಯನ್ನೂ ೧೯೦೭ರಲ್ಲಿ ಎಂ.ಎ. ಪದವಿಯನ್ನೂ ಉನ್ನತ ಶ್ರೇಣಿಯಲ್ಲಿ ಪಡೆದರು. ಹದಿನೆಂಟನೆಯ ವಯಸ್ಸಿನಲ್ಲಿಯೇ ಅವರ ಲೇಖನವೊಂದು ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಕಾಲದಲ್ಲಿ ವಿಜ್ಞಾನವನ್ನು ಕಲಿತ ಭಾರತೀಯ ತರುಣನಿಗೆ ನಮ್ಮ ದೇಶದಲ್ಲಿ ಸಂಶೋಧನೆಯ ಅವಕಾಶಗಳು ತೀರ ವಿರಳವಾಗಿದ್ದವು. ಇಂಗ್ಲೆಂಡಿಗೆ ಹೋಗಲು ಆರೋಗ್ಯ ಅನುಕೂಲಿಸಲಿಲ್ಲ. ಆದುದರಿಂದ ರಾಮನ್ನರು ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು, ೧೯೦೭ರಲ್ಲಿ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಅದೇ ವರ್ಷ ಲೋಕಸುಂದರಿಯವರೊಡನೆ ಅವರ ವಿವಾಹವಾಗಿತ್ತು. ಕೈತುಂಬ ಸಂಬಳ, ಸಮಾಜದಲ್ಲಿ ಗೌರವ ಎಲ್ಲವೂ ಇದ್ದವು. ಆದರೂ ಮನಸ್ಸು ಪ್ರಯೋಗಶಾಲೆಯನ್ನೇ ನೆನೆಯುತ್ತಿತ್ತು. ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರರು ೧೮೭೬ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಸ್ಥೆಯೊಂದಿತ್ತು. ಅದರ ಉಪಕರಣಗಳನ್ನು ಬಳಸುವವರೇ ಇರಲಿಲ್ಲ. ರಾಮನ್ನರು ಕಚೇರಿಗೆ ಹೋಗುವ ಮುನ್ನ ಮುಂಜಾನೆಯಲ್ಲಿ, ಕಚೇರಿ ಮುಗಿದ ಬಳಿಕ ಇರುಳಿನಲ್ಲಿ ಅಲ್ಲಿ ಪ್ರಯೋಗ ನಡೆಸತೊಡಗಿದರು. ಹತ್ತು ವರ್ಷಗಳ ಕಾಲ ಈ ಎರಡು ಬಾಳನ್ನು ಅವರು ಒಟ್ಟಿಗೆ ಬಾಳಿದರು. ೧೯೧೭ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯವು ಭೌತಶಾಸ್ತ್ರದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಅವರನ್ನು ಆಹ್ವಾನಿಸಿದಾಗ, ಸಂಬಳ ಬಹಳ ಕಡಮೆಯಾಗುವುದೆಂದು ತಿಳಿದೂ ಅವರು ಸರ್ಕಾರಿ ಹುದ್ದೆಯನ್ನು ತ್ಯಜಿಸಿದರು.

೧೯೨೧ರಲ್ಲಿ ಆಕ್ಸ್‌ಫರ್ಡಿನಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನವೊಂದು ಏರ್ಪಟ್ಟಿತು. ಅದಕ್ಕಾಗಿ ರಾಮನ್ನರು ಮೊದಲ ಬಾರಿಗೆ ಸಮುದ್ರ ಪ್ರಯಾಣವನ್ನು ಕೈಗೊಂಡರು. ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರ ಮನಸ್ಸನ್ನು ಸೆರೆಹಿಡಿಯಿತು. ಕಡಲಿನ ನೀಲಿ ಎಂಬುದು ಆಕಾಶದ ನೀಲಿಯ ಪ್ರತಿಬಿಂಬವಷ್ಟೇ ಎಂದು ಇಂಗ್ಲೆಂಡಿನ ಮಹಾವಿಜ್ಞಾನಿ ಲಾರ್ಡ್ ರ‍್ಯಾಲೆ ಅಭಿಪ್ರಾಯಪಟ್ಟಿದ್ದರು. ಅಷ್ಟು ದೊಡ್ಡವರ ಮಾತನ್ನು ಶಂಕಿಸುವುದು ಸುಲಭವಲ್ಲ. ಆದರೆ ರಾಮನ್ನರ ಜೇಬಿನಲ್ಲಿ ನಿಕಾಲ್ ಪಟ್ಟಕವೆಂಬ ಪುಟ್ಟ ಉಪಕರಣವಿತ್ತು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿ ಬರುವ ಬೆಳಕನ್ನು ಅದರ ಮೂಲಕ ತಡೆಯಬಹುದು. ಹಡಗಿನ ಅಟ್ಟದ ಮೇಲೆ ನಿಂತು ಅವರು ಹಾಗೆ ಪ್ರತಿಬಿಂಬವನ್ನು ಅಳಿಸಿ ನೋಡಿದರು. ಪ್ರತಿಬಿಂಬವೇ ಕಾರಣವಾಗಿದ್ದರೆ ನೀಲಿಯೂ ಮಾಯವಾಗಬೇಕಾಗಿತ್ತು. ಅದು ಮಾಯವಾಗಲಿಲ್ಲ, ಇನ್ನಷ್ಟು ಗಾಢವಾಗಿ ಕಂಡಿತು. ನೀರಿನ ಅಣುಗಳು ಬೆಳಕನ್ನು ಚದುರಿಸುವುದರಿಂದ ಈ ನೀಲಿ ಉಂಟಾಗುತ್ತದೆಂದು ಅವರು ತೀರ್ಮಾನಿಸಿದರು. ನೀರು ಕೆಂಪು ಕಿರಣಗಳನ್ನು ಹೀರಿಕೊಳ್ಳುವುದೂ ಇದಕ್ಕೆ ಮುಖ್ಯ ಕಾರಣವೆಂದು ಇಂದು ನಾವು ತಿಳಿದಿದ್ದೇವೆ. ಹಡಗು ಮುಂಬಯಿಯನ್ನು ತಲಪುವ ಹೊತ್ತಿಗೆ ಈ ವಿಷಯವನ್ನು ಕುರಿತ ಲೇಖನ ಸಿದ್ಧವಾಗಿತ್ತು.

ಕಡಲಿನ ನೀರು ತೋರಿಸಿದ ದಾರಿಯಲ್ಲಿ ರಾಮನ್ನರು ಏಳು ವರ್ಷ ನಡೆದರು. ದ್ರವಗಳಲ್ಲಿಯೂ ಹರಳುಗಳಲ್ಲಿಯೂ ಬೆಳಕು ಹೇಗೆ ಚದುರುತ್ತದೆಂಬುದನ್ನು ಶಿಷ್ಯರೊಡನೆ ಪರೀಕ್ಷಿಸಿದರು. ೧೯೨೮ರ ಫೆಬ್ರುವರಿ ೨೮ರಂದು ಮಹತ್ವದ ಶೋಧನೆಯೊಂದು ಖಚಿತವಾಯಿತು. ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಹಾಯಿಸಿದಾಗ, ಚದುರಿ ಬರುವ ಬೆಳಕಿನಲ್ಲಿ ಅತ್ಯಲ್ಪ ಭಾಗವು ಬಣ್ಣವನ್ನು ಬದಲಿಸಿಕೊಂಡಿರುತ್ತದೆ. ಆ ಬದಲಾವಣೆಯು ವಸ್ತುವಿನ ಅಣುಗಳ ಕಂಪನವನ್ನು ಅವಲಂಬಿಸಿರುತ್ತದೆ. ಆದುದರಿಂದ ಪ್ರತಿಯೊಂದು ವಸ್ತುವೂ ಬೆಳಕಿನ ಮೇಲೆ ತನ್ನದೇ ಆದ ಗುರುತನ್ನು ಒತ್ತಿ ಕಳುಹಿಸುತ್ತದೆ. ಇದೇ ಜಗತ್ಪ್ರಸಿದ್ಧವಾದ ರಾಮನ್ ಪರಿಣಾಮ. ಅದೇ ವರ್ಷ ಮಾರ್ಚ್ ೧೬ರಂದು ರಾಮನ್ನರು ಬೆಂಗಳೂರಿನಲ್ಲಿ ನೀಡಿದ ಉಪನ್ಯಾಸದಲ್ಲಿ ಈ ಶೋಧನೆಯನ್ನು ವಿದ್ವಾಂಸರ ಮುಂದೆ ವಿವರಿಸಿದರು. ೧೯೩೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ವಿಜ್ಞಾನದಲ್ಲಿ ಆ ಗೌರವವನ್ನು ಪಡೆದ ಏಷ್ಯದವರಲ್ಲಿ ಅವರೇ ಮೊದಲಿಗರು.

೧೯೩೩ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಪದವಿಗೆ ಏರಿದ ಪ್ರಥಮ ಭಾರತೀಯರು ಅವರು. ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ಪತ್ರಿಕೆಯನ್ನು ಹೊರಡಿಸಿದರು. ಆದರೆ ಅಧಿಕಾರದ ಕುರ್ಚಿ ಅವರಿಗೆ ಸುಖವನ್ನು ತರಲಿಲ್ಲ. ಅವರದು ನೇರವಾದ ನಡೆ, ನಿಷ್ಠುರವಾದ ನುಡಿ. ಆಡಳಿತದ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಬೆಳೆದು, ೧೯೩೭ರಲ್ಲಿ ಅವರು ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಮನನೊಂದರೂ ಅವರು ಸಂಸ್ಥೆಯನ್ನು ತೊರೆಯಲಿಲ್ಲ. ೧೯೪೮ರವರೆಗೆ ಅಲ್ಲಿಯೇ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಮುಂದುವರಿದರು.

ಬೆಂಗಳೂರಿಗೆ ಬಂದ ಈ ಮೊದಲ ವರ್ಷಗಳಲ್ಲಿಯೇ ರಾಮನ್ನರು ಕಡಲಿನ ಚಿಪ್ಪುಗಳನ್ನು ಕೈಗೆತ್ತಿಕೊಂಡರು. ನೊಬೆಲ್ ಪಾರಿತೋಷಕವನ್ನು ಪಡೆದವರು ಕಪ್ಪೆಚಿಪ್ಪನ್ನು ಹಿಡಿದು ಕುಳಿತುಕೊಳ್ಳುವುದೆಂದರೆ ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ರಾಮನ್ನರ ದೃಷ್ಟಿಯಲ್ಲಿ ಪ್ರಕೃತಿಯ ಯಾವ ವಸ್ತುವೂ ಕ್ಷುಲ್ಲಕವಲ್ಲ. ಹೂವಿನ ದಳ, ಹಕ್ಕಿಯ ಗರಿ, ಸಾಬೂನಿನ ಗುಳ್ಳೆ, ವಜ್ರದ ಹರಳು ಇವೆಲ್ಲ ಅವರ ಪಾಲಿಗೆ ಬೆಳಕಿನ ಪಾಠಗಳೇ ಆಗಿದ್ದವು. ಹೊಳೆಯುವ ಚಿಪ್ಪುಗಳನ್ನು ಕುರಿತ ಅವರ ಲೇಖನಗಳು ೧೯೩೪–೩೫ರಲ್ಲಿ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದವು.

ಚಿಪ್ಪಿನ ಒಳಮೈಯ ಬಣ್ಣ ಬಳಿದ ಬಣ್ಣವಲ್ಲ. ಚಿಪ್ಪನ್ನು ಪುಡಿಮಾಡಿದರೆ ಉಳಿಯುವುದು ಬಿಳಿಯ ಪುಡಿ ಮಾತ್ರ. ಹಾಗಾದರೆ ಬಣ್ಣವೆಲ್ಲಿತ್ತು? ಚಿಪ್ಪು ಅತಿ ತೆಳುವಾದ ಪದರಗಳಿಂದ ಕೂಡಿದೆ. ಒಂದೊಂದು ಪದರವೂ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ತೆಳು. ಸುಣ್ಣದ ಅಂಶವುಳ್ಳ ಸಣ್ಣ ಹರಳುಗಳು ಇಟ್ಟಿಗೆಗಳಂತೆ ಸಾಲಾಗಿ ಜೋಡಿಸಲ್ಪಟ್ಟಿದ್ದು, ಅವುಗಳ ನಡುವೆ ಗಾರೆಯಂತೆ ಜೈವಿಕ ಅಂಟು ಇರುತ್ತದೆ. ಬೆಳಕು ಈ ಪದರಗಳಿಂದ ಪ್ರತಿಫಲಿಸುವಾಗ ಕಿರಣಗಳು ಒಂದನ್ನೊಂದು ಸೇರಿ ಕೆಲವು ಬಣ್ಣಗಳು ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ಇದಲ್ಲದೆ, ಪದರಗಳ ಅಂಚುಗಳು ಮೇಲ್ಮೈಯನ್ನು ಮುಟ್ಟುವಲ್ಲಿ ಸೂಕ್ಷ್ಮವಾದ ಗೀರುಗಳಾಗುತ್ತವೆ. ಆ ಗೀರುಗಳಿಂದಲೂ ಬಣ್ಣ ಹುಟ್ಟುತ್ತದೆ. ಅಂತಹ ಚಿಪ್ಪನ್ನು ಮೇಣದ ಮೇಲೆ ಒತ್ತಿದರೆ ಮೇಣವೂ ಬಣ್ಣ ಬಣ್ಣವಾಗಿ ಹೊಳೆಯುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬ್ರೂಸ್ಟರ್ ಎಂಬ ವಿಜ್ಞಾನಿ ಕಂಡಿದ್ದರು. ಈ ಎರಡು ಬಗೆಯ ಬಣ್ಣಗಳನ್ನು ಬಿಡಿಸಿ ನೋಡಿ, ಅವುಗಳಿಗೂ ಚಿಪ್ಪಿನ ಒಳರಚನೆಗೂ ಇರುವ ಸಂಬಂಧವನ್ನು ರಾಮನ್ನರು ವಿವರಿಸಿದರು. ತೆಳುವಾದ ಚಿಪ್ಪಿನ ತುಣುಕಿನ ಮೂಲಕ ದೀಪವನ್ನು ನೋಡಿದಾಗ ಅದರ ಸುತ್ತಲೂ ಕಾಣುವ ಪರಿವೇಷದಿಂದ, ಹರಳುಗಳ ಜೋಡಣೆಯನ್ನು ಊಹಿಸಬಹುದೆಂದು ತೋರಿಸಿದರು. ಇಪ್ಪತ್ತು ವರ್ಷಗಳ ಬಳಿಕ, ೧೯೫೪ರಲ್ಲಿ, ಅವರು ಮತ್ತೆ ಇದೇ ವಿಷಯಕ್ಕೆ ಮರಳಿ, ಶಿಷ್ಯರೊಬ್ಬರ ಜೊತೆಯಲ್ಲಿ ಚಿಪ್ಪುಗಳನ್ನೂ ಮುತ್ತುಗಳನ್ನೂ ಅಭ್ಯಸಿಸಿದರು. ಭಾರತ ಸರ್ಕಾರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನು ನೀಡಿದ ವರ್ಷವೂ ಅದೇ.

ಅಷ್ಟು ಹೊತ್ತಿಗೆ ರಾಮನ್ನರು ಸಂಸ್ಥೆಯಿಂದ ನಿವೃತ್ತರಾಗಿ, ಮೈಸೂರು ಮಹಾರಾಜರ ಸರ್ಕಾರವು ಅಕಾಡೆಮಿಗೆ ಕೊಟ್ಟಿದ್ದ ಭೂಮಿಯಲ್ಲಿ ತಮ್ಮದೇ ಆದ ಸಂಶೋಧನಾಲಯವನ್ನು ಕಟ್ಟಿದ್ದರು. ಗಿಡಮರಗಳ ತಂಪಿನಲ್ಲಿದ್ದ ಆ ಸಂಶೋಧನಾಲಯದಲ್ಲಿ ಅವರು ಹರಳು, ಖನಿಜ, ಚಿಟ್ಟೆ, ಚಿಪ್ಪುಗಳ ಸಂಗ್ರಹಾಲಯವೊಂದನ್ನು ಬೆಳೆಸಿದರು. ಅವನ್ನು ನೋಡಬಂದ ಮಕ್ಕಳಿಗೆ ತಾವೇ ವಿವರಿಸುವುದೆಂದರೆ ಅವರಿಗೆ ಬಹು ಸಂತೋಷ. ೧೯೭೦ರ ನವೆಂಬರ್ ೨೧ರಂದು ಅವರು ಇಹಲೋಕವನ್ನು ತ್ಯಜಿಸಿದರು. ಅವರ ಇಚ್ಛೆಯಂತೆ ಸಂಶೋಧನಾಲಯದ ಆವರಣದಲ್ಲಿಯೇ ಅಂತ್ಯಸಂಸ್ಕಾರ ನಡೆಯಿತು. ಅಲ್ಲಿ ಕಲ್ಲಿನ ಸ್ಮಾರಕವಿಲ್ಲ. ಒಂದು ಮರವನ್ನು ನೆಡಲಾಯಿತು.

ಮಹಾಪುರುಷರ ಕಾರ್ಯ ಅವರೊಡನೆ ಮುಗಿಯುವುದಿಲ್ಲ. ರಾಮನ್ನರು ಚಿಪ್ಪಿನಲ್ಲಿ ಬೆಳಕಿನ ಆಟವನ್ನು ಕಂಡರು; ಕಡಲಿನ ಚರಿತ್ರೆಯನ್ನು ಅದರಲ್ಲಿ ಓದುವ ಕಾರ್ಯವನ್ನು ಬೇರೆಯವರು ಮಾಡಿದರು. ಚಿಪ್ಪಿನೊಳಗಿನ ಜೀವಿಯು ತನ್ನ ಸುತ್ತಲಿನ ನೀರಿನಿಂದ ಸುಣ್ಣದ ಅಂಶವನ್ನು ಹೀರಿ, ಚಿಪ್ಪಿನ ಅಂಚಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋಗುತ್ತದೆ. ಆಹಾರ ಹೇರಳವಾಗಿ, ನೀರು ಹಿತವಾಗಿದ್ದಾಗ ಬೆಳವಣಿಗೆ ವೇಗವಾಗುತ್ತದೆ. ಪ್ರತಿಕೂಲ ಕಾಲದಲ್ಲಿ ಕುಂಠಿತವಾಗಿ ಗೆರೆ ಮೂಡುತ್ತದೆ. ಮರದ ಕಾಂಡದ ಉಂಗುರಗಳು ಮಳೆಬೆಳೆಗಳ ಕಥೆಯನ್ನು ಹೇಳುವಂತೆ ಈ ಗೆರೆಗಳು ಕಡಲಿನ ಕಥೆಯನ್ನು ಹೇಳುತ್ತವೆ. ಐಸ್‌ಲೆಂಡ್ ದ್ವೀಪದ ಬಳಿ ೨೦೦೬ರಲ್ಲಿ ಹಿಡಿದ ಚಿಪ್ಪುಜೀವಿಯೊಂದರ ಗೆರೆಗಳನ್ನು ಎಣಿಸಿದಾಗ ಅದಕ್ಕೆ ೫೦೭ ವರ್ಷ ವಯಸ್ಸಾಗಿತ್ತೆಂದು ತಿಳಿದುಬಂದಿತು. ಎಂದರೆ, ವಿಜಯನಗರದ ಸಿಂಹಾಸನವನ್ನು ಕೃಷ್ಣದೇವರಾಯನು ಏರುವುದಕ್ಕೆ ಹತ್ತು ವರ್ಷ ಮೊದಲೇ ಆ ಜೀವಿ ಹುಟ್ಟಿತ್ತು! ಒಂದು ಚಿಪ್ಪಿನ ಗೆರೆಗಳನ್ನು ಅದಕ್ಕಿಂತ ಹಳೆಯ ಚಿಪ್ಪಿನ ಗೆರೆಗಳೊಡನೆ ಹೊಂದಿಸುತ್ತ ಹೋಗಿ, ವಿಜ್ಞಾನಿಗಳು ಸಾವಿರ ವರ್ಷಗಳಿಗೂ ಮೀರಿದ ಕಡಲಿನ ದಿನಚರಿಯನ್ನು ಸಿದ್ಧಪಡಿಸಿದ್ದಾರೆ.

ಗೆರೆ ಕಾಲವನ್ನು ಹೇಳಿದರೆ, ಗೆರೆಗಳ ನಡುವಣ ವಸ್ತು ನೀರಿನ ಸ್ಥಿತಿಯನ್ನು ಹೇಳುತ್ತದೆ. ಆಮ್ಲಜನಕದ ಪರಮಾಣುಗಳಲ್ಲಿ ಹಗುರವಾದವೂ ಭಾರವಾದವೂ ಉಂಟು. ನೀರು ತಣ್ಣಗಾದಷ್ಟೂ ಚಿಪ್ಪಿನಲ್ಲಿ ಭಾರವಾದವುಗಳ ಪಾಲು ತುಸು ಹೆಚ್ಚುತ್ತದೆ. ಈ ಅಳತೆಯಿಂದ ಹಿಂದಿನ ಕಡಲಿನ ಉಷ್ಣತೆಯನ್ನು ತಿಳಿಯಬಹುದೆಂದು ಅಮೆರಿಕದ ಹೆರಾಲ್ಡ್ ಯೂರಿ ಎಂಬ ರಸಾಯನ ವಿಜ್ಞಾನಿ ೧೯೪೭ರಲ್ಲಿ ಪ್ರತಿಪಾದಿಸಿದರು. ನಾಲ್ಕು ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಆಗುವ ವ್ಯತ್ಯಾಸ ಸಾವಿರದಲ್ಲಿ ಸುಮಾರು ಒಂದು ಪಾಲು ಮಾತ್ರ. ಇಷ್ಟು ಸೂಕ್ಷ್ಮವಾದ ಬರಹವು ಅಳಿಯದೆ ಉಳಿದಿದ್ದರೆ ಮಾತ್ರ ಓದಲು ಸಾಧ್ಯ.

ಇಲ್ಲಿಯೇ ರಾಮನ್ನರ ನೆರವು ಬೇಕಾಗುವುದು. ಅನೇಕ ಚಿಪ್ಪುಗಳು ಅರಗೊನೈಟ್ ಎಂಬ ಹರಳಿನಿಂದಾಗಿವೆ. ಅದೇ ದ್ರವ್ಯವು ಬೇರೆ ರೀತಿಯಲ್ಲಿ ಜೋಡಣೆಗೊಂಡರೆ ಕ್ಯಾಲ್ಸೈಟ್ ಎನಿಸುತ್ತದೆ. ಬಹುಕಾಲ ಮಣ್ಣಿನಲ್ಲಿ ಹೂತಿದ್ದ ಚಿಪ್ಪಿನ ಅರಗೊನೈಟ್ ಕ್ರಮೇಣ ಕ್ಯಾಲ್ಸೈಟ್ ಆಗಿ ಮಾರ್ಪಡಬಹುದು. ಹಾಗಾದಾಗ ಹಿಂದಿನ ಬರಹ ಕೆಟ್ಟುಹೋಗಿ, ಅದು ಸುಳ್ಳು ಸಾಕ್ಷಿಯನ್ನು ನುಡಿಯುತ್ತದೆ. ಬರಿಗಣ್ಣಿಗೆ ಈ ವ್ಯತ್ಯಾಸ ತಿಳಿಯದು. ಆದರೆ ಚಿಪ್ಪಿನ ಮೇಲೆ ಲೇಸರ್ ಕಿರಣವನ್ನು ಹಾಯಿಸಿ, ರಾಮನ್ ಪರಿಣಾಮದಿಂದ ಬಣ್ಣ ಬದಲಿಸಿ ಬಂದ ಬೆಳಕನ್ನು ಪರೀಕ್ಷಿಸಿದರೆ, ಇದು ಅರಗೊನೈಟ್, ಇದು ಕ್ಯಾಲ್ಸೈಟ್ ಎಂದು ಸ್ಪಷ್ಟವಾಗುತ್ತದೆ. ಚಿಪ್ಪನ್ನು ಒಡೆಯಬೇಕಾಗಿಯೂ ಇಲ್ಲ. ಹೀಗೆ ಕಡಲಿನ ನೀಲಿಯಿಂದ ಹೊರಟ ವಿಚಾರವು ತಿರುಗಿ ಕಡಲಿನ ಸೇವೆಗೇ ಬಂದಿದೆ.

ಈ ಸೇವೆ ಇಂದು ಏಕೆ ಅವಶ್ಯಕ? ಕಡಲು ಬದಲಾಗುತ್ತಿದೆ. ಭೂಮಿಯ ಉಷ್ಣತೆಯೊಡನೆ ಅದರ ಉಷ್ಣತೆಯೂ ಏರುತ್ತಿದೆ. ಕಾರ್ಖಾನೆ, ವಾಹನಗಳ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಅದರ ನೀರು ಮೊದಲಿಗಿಂತ ಆಮ್ಲೀಯವಾಗುತ್ತಿದೆ. ಅಂತಹ ನೀರಿನಲ್ಲಿ ಚಿಪ್ಪು ಕಟ್ಟುವುದೇ ಜೀವಿಗಳಿಗೆ ಕಷ್ಟ. ಆದರೆ ಉಪಕರಣಗಳಿಂದ ಕಡಲನ್ನು ಅಳೆಯತೊಡಗಿ ಬಹುಕಾಲವಾಗಿಲ್ಲ. ಅದಕ್ಕಿಂತ ಹಿಂದಿನ ಸ್ಥಿತಿಯನ್ನು ತಿಳಿಯದೆ ಇಂದಿನ ಬದಲಾವಣೆ ಎಷ್ಟೆಂದು ಹೇಳುವುದು ಹೇಗೆ? ಆ ಹಳೆಯ ಲೆಕ್ಕವನ್ನು ಚಿಪ್ಪುಗಳು ಬರೆದಿಟ್ಟಿವೆ.

ನಮ್ಮ ಕರಾವಳಿಯಲ್ಲಿಯೂ ಈ ಜೀವಿಗಳು ಹೇರಳ. ಉತ್ತರ ಕನ್ನಡದವರು ಬಳಚು ಎಂದೂ ದಕ್ಷಿಣ ಕನ್ನಡದವರು ಮರುವಾಯಿ ಎಂದೂ ಇವನ್ನು ಕರೆಯುತ್ತಾರೆ. ಅಘನಾಶಿನಿ ನದಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಗಂಡಸರೂ ಹೆಂಗಸರೂ ನೀರಿಗಿಳಿದು ಬಳಚು ಆಯುತ್ತಾರೆ. ಅದರಿಂದ ಅನೇಕ ಕುಟುಂಬಗಳ ಜೀವನ ಸಾಗುತ್ತದೆ. ತಿರುಳು ಆಹಾರವಾಗುತ್ತದೆ, ಚಿಪ್ಪು ಸುಣ್ಣವಾಗುತ್ತದೆ. ಮಳೆಗಾಲದಲ್ಲಿ ಸಿಹಿನೀರು ನುಗ್ಗಿ ಅಳಿವೆಯ ಉಪ್ಪು ತಗ್ಗುತ್ತದೆ. ಬೇಸಗೆಯಲ್ಲಿ ಉಪ್ಪು ಏರುತ್ತದೆ. ಈ ಏರಿಳಿತಕ್ಕೆ ಬಳಚು ಹೊಂದಿಕೊಂಡಿದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದರಿಂದ ಅಲ್ಲಿ ಈ ಕ್ರಮ ಉಳಿದುಬಂದಿದೆ. ನೆರೆಯ ಶರಾವತಿಯಲ್ಲಿ ಹಾಗಲ್ಲ. ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ಬಿಟ್ಟ ಸಿಹಿನೀರು ವರ್ಷವಿಡೀ ಹರಿದು ಅಳಿವೆಯ ಉಪ್ಪು ಕುಗ್ಗಿತು, ಬಳಚೂ ಕ್ಷೀಣಿಸಿತು. ಮನುಷ್ಯನು ಮೇಲೆ ಘಟ್ಟದಲ್ಲಿ ಮಾಡಿದ ಕೆಲಸವನ್ನು ಕೆಳಗೆ ಅಳಿವೆಯ ಜೀವಿ ತನ್ನ ಬಾಳಿನಲ್ಲಿ ಅನುಭವಿಸುತ್ತದೆ. ೨೦೨೪ರಲ್ಲಿ ಅಘನಾಶಿನಿಯ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು.

ದೊಡ್ಡವರು ಹೇಳಿದರೆಂದು ನಂಬಿ ಸುಮ್ಮನಾಗದೆ, ತಾನೇ ನೋಡಿ ಪರೀಕ್ಷಿಸುವುದು ರಾಮನ್ನರು ಬಾಳಿ ತೋರಿಸಿದ ಪಾಠ. ಅವರು ಬೆಲೆಬಾಳುವ ಉಪಕರಣಕ್ಕಾಗಿ ಕಾದು ಕುಳಿತವರಲ್ಲ. ಹಡಗಿನ ಅಟ್ಟದ ಮೇಲೆ ಜೇಬಿನಲ್ಲಿದ್ದ ಪಟ್ಟಕವೇ ಸಾಕಾಯಿತು. ಬೆಂಗಳೂರಿನಲ್ಲಿ ಒಂದು ಕಪ್ಪೆಚಿಪ್ಪು ಸಾಕಾಯಿತು. ಪ್ರವಾಸದಿಂದ ತಂದು ಮರೆತ ಚಿಪ್ಪು ನಿಮ್ಮ ಮನೆಯಲ್ಲಿದ್ದರೆ, ಅದನ್ನು ಮತ್ತೊಮ್ಮೆ ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಅದರ ಗೆರೆಗಳನ್ನು ಎಣಿಸಿ ನೋಡಿ. ಯಾವುದೋ ಕಡಲಿನ ಯಾವುದೋ ಮಳೆಗಾಲ, ಯಾವುದೋ ಬೇಸಗೆ ಅದರಲ್ಲಿ ಅಡಗಿದೆ.

ಅಭ್ಯಾಸ

೧. ರಾಮನ್ನರು ಸರ್ಕಾರಿ ಹುದ್ದೆಯನ್ನು ತ್ಯಜಿಸಿದ್ದು ಏಕೆ? ಅದರಿಂದ ಅವರ ಸ್ವಭಾವದ ಯಾವ ಗುಣ ತಿಳಿದುಬರುತ್ತದೆ?
೨. ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವಷ್ಟೇ ಅಲ್ಲವೆಂಬುದನ್ನು ರಾಮನ್ನರು ಹೇಗೆ ಕಂಡುಕೊಂಡರು?
೩. ಚಿಪ್ಪಿನ ಒಳಮೈಯಲ್ಲಿ ಬಣ್ಣಗಳು ಮಿನುಗಲು ಕಾರಣವೇನು?
೪. ಚಿಪ್ಪಿನ ಗೆರೆಗಳನ್ನು ಮರದ ಉಂಗುರಗಳಿಗೆ ಹೋಲಿಸಿರುವುದು ಏಕೆ?
೫. ಹಳೆಯ ಚಿಪ್ಪಿನ ಸಾಕ್ಷಿ ನಿಜವೇ ಎಂದು ತಿಳಿಯಲು ರಾಮನ್ ಪರಿಣಾಮವು ಹೇಗೆ ನೆರವಾಗುತ್ತದೆ?
೬. ಅಘನಾಶಿನಿ ಮತ್ತು ಶರಾವತಿ ನದಿಗಳ ಅಳಿವೆಗಳಿಗಿರುವ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.